ಬೆಂಕಿ ಆರಿಸೋ ಸಿಲಿಂಡರ್ ಕೈತಪ್ಪಿ ಖಾಲಿಯಾಯ್ತು: ದುಡ್ಡು ಯಾರ ಜೇಬಿಂದ ಹೋಗಬೇಕು?

ಹಬ್ಬದ ವ್ಯಾಪಾರದ ಟೈಮ್. ಬಟ್ಟೆ ಅಂಗಡಿಯಲ್ಲಿ ಕಾಲಿಡೋಕೆ ಜಾಗ ಇಲ್ಲ. ಅಟ್ಟದ ಮೇಲಿಂದ ಸೀರೆ ಬಂಡಲ್ ಇಳಿಸುತ್ತಿದ್ದ ಕೆಲಸದ ಹುಡುಗನ ಮೊಣಕೈ ತಾಗಿ ಗೋಡೆಗೆ ನೇತುಹಾಕಿದ್ದ ಕೆಂಪು ಸಿಲಿಂಡರ್ ಕೆಳಗೆ ಬಿತ್ತು. ಪಿನ್ನಿಗೆ ಕಟ್ಟಿದ್ದ ಸೀಲ್ ಯಾವಾಗಲೋ ಹರಿದುಹೋಗಿತ್ತು. ಬಿದ್ದ ಏಟಿಗೆ ಪಿನ್ ಕಳಚಿ, ಹಿಡಿ ಅದುಮಿಕೊಂಡು, ಬುಸ್ ಅಂತ ಪುಡಿ ಹಾರಿತು. ಕೌಂಟರ್, ಕಂಪ್ಯೂಟರ್, ಗಿರಾಕಿಗಳ ತಲೆ ಎಲ್ಲಾ ಪುಡಿಯೋ ಪುಡಿ. ಆಮೇಲೆ ಮಾಲೀಕರ ಬಾಯಿಂದ ಬರುವ ಮೊದಲ ಮಾತು ಏನು ಅಂತ ಯಾರು ಬೇಕಾದರೂ ಹೇಳಬಹುದು: "ಇದರ ದುಡ್ಡು ನಿನ್ನ ಸಂಬಳದಲ್ಲಿ ಹಿಡ್ಕೋತೀನಿ."

ಇದು ಉದಾಹರಣೆಗೆ ಹೇಳಿದ್ದು. ಆದರೆ ಟ್ರೇಡ್ ಲೈಸೆನ್ಸ್‌ಗೆ ಬೇಕು ಅಂತಲೋ, ಬ್ಯಾಂಕ್ ಸಾಲಕ್ಕೆ ಬೇಕು ಅಂತಲೋ ಸಿಲಿಂಡರ್ ತಂದು ನೇತುಹಾಕಿದ ಯಾವ ಅಂಗಡಿಯಲ್ಲಾದರೂ ಆಗಬಹುದಾದ ಸಂಗತಿ. ಹಾಗೆ ಸಂಬಳದಲ್ಲಿ ಹಿಡಿಯೋಕೆ ಬರುತ್ತಾ? ಗಿರಾಕಿಯ ಮಗು ಪಿನ್ ಎಳೆದರೆ? ಪಕ್ಕದ ಅಂಗಡಿಯವರು ಎರವಲು ಒಯ್ದು ಹಾಳು ಮಾಡಿದರೆ? ಬಾಡಿಗೆ ಮಳಿಗೆ ಆಗಿದ್ದರೆ? ಒಂದೊಂದಕ್ಕೂ ಕಾನೂನಿನಲ್ಲಿ ಬೇರೆ ಬೇರೆ ಉತ್ತರ ಇದೆ.

ಮೊದಲು ಸಿಲಿಂಡರ್ ಬಗ್ಗೆ ಒಂದು ಮಾತು

ಅಂಗಡಿಗಳಲ್ಲಿ ಹೆಚ್ಚಾಗಿ ಇರೋದು ಎಬಿಸಿ ಪೌಡರ್ ಸಿಲಿಂಡರ್. ಒಳಗೆ ಮೋನೋ ಅಮೋನಿಯಂ ಫಾಸ್ಫೇಟ್ ಪುಡಿ, ಅದನ್ನು ಹೊರಗೆ ತಳ್ಳೋಕೆ ಒತ್ತಡದಲ್ಲಿ ತುಂಬಿದ ಗ್ಯಾಸ್. ಮೇಲೆ ಪುಟ್ಟ ಮೀಟರ್ ಇರುತ್ತೆ, ಮುಳ್ಳು ಹಸಿರಿನಲ್ಲಿದ್ದರೆ ಸರಿ ಇದೆ ಅಂತ ಅರ್ಥ.

ಇಲ್ಲಿ ಬಹಳ ಜನ ಮಾಡೋ ತಪ್ಪು ಒಂದಿದೆ. ಎರಡೇ ಸೆಕೆಂಡು ಪುಡಿ ಹಾರಿದ್ದು, ಇನ್ನೂ ಮುಕ್ಕಾಲು ಭಾಗ ಒಳಗೇ ಇದೆ ಅಂತ ಒರೆಸಿ ಮತ್ತೆ ಮೊಳೆಗೆ ನೇತುಹಾಕಿಬಿಡ್ತಾರೆ. ಆ ಸಿಲಿಂಡರ್ ಇನ್ನು ನಂಬೋ ಹಾಗಿಲ್ಲ. ಒಮ್ಮೆ ಹಿಡಿ ಅದುಮಿದರೆ ಪುಡಿಯ ಕಣಗಳು ವಾಲ್ವ್ ಕೂರುವ ಜಾಗದಲ್ಲಿ ಸಿಕ್ಕಿಕೊಳ್ಳುತ್ತವೆ, ವಾಲ್ವ್ ಪೂರ್ತಿ ಮುಚ್ಚುವುದಿಲ್ಲ, ಒಳಗಿನ ಗ್ಯಾಸ್ ನಿಧಾನಕ್ಕೆ ಸೋರಿ ಹೋಗುತ್ತೆ. ಇವತ್ತು ಹಸಿರಿನಲ್ಲಿದ್ದ ಮುಳ್ಳು ಕೆಲವೇ ದಿನದಲ್ಲಿ ಕೆಂಪಿಗೆ ಇಳಿದಿರುತ್ತೆ. ಪುಡಿ ಇದೆ, ತಳ್ಳೋ ಶಕ್ತಿ ಇಲ್ಲ. ಹಾಗಾಗಿ ಸ್ವಲ್ಪ ಹಾರಿದರೂ ಪೂರ್ತಿ ರೀಫಿಲ್ ಮಾಡಿಸಲೇಬೇಕು. ಬಿದ್ದ ಏಟಿಗೆ ಡಬ್ಬಿ ನೆಗ್ಗಿದ್ದರೆ ರೀಫಿಲ್ ಅಷ್ಟೇ ಸಾಲದು, ಒತ್ತಡ ತಡೆಯುತ್ತಾ ಅಂತ ಪರೀಕ್ಷೆ ಮಾಡಿಸಬೇಕು. ಬೆಸುಗೆ ಹತ್ತಿರ ನೆಗ್ಗಿದ್ದರೆ ಗುಜರಿಗೆ ಹಾಕೋದೇ ವಾಸಿ.

"ಯಾರು ಕೊಡಬೇಕು" ಅನ್ನೋ ಜಗಳಕ್ಕೆ ಬೆಲೆ ಬರೋದು ಇಲ್ಲೇ. ಹಾಳಾದದ್ದು ಕುರ್ಚಿಯೋ ಗಾಜಿನ ಲೋಟವೋ ಆಗಿದ್ದರೆ ಎಲ್ಲರ ಕಣ್ಣಿಗೂ ಕಾಣುತ್ತೆ. ಸಿಲಿಂಡರ್ ಹಾಗಲ್ಲ. ಖಾಲಿಯಾದರೂ ಗೋಡೆ ಮೇಲೆ ಹೊಸದರ ಹಾಗೇ ಕಾಣುತ್ತೆ. ಸಂಬಳ ಕಟ್ ಆಗುತ್ತೆ ಅನ್ನೋ ಹೆದರಿಕೆ ಇದ್ದ ಹುಡುಗ ರಾತ್ರಿ ಅಂಗಡಿ ಮುಚ್ಚುವಾಗ ಸಿಲಿಂಡರ್ ಬೀಳಿಸಿಕೊಂಡರೆ ಏನು ಮಾಡ್ತಾನೆ? ನೆಲ ಗುಡಿಸಿ, ಪಿನ್ ಸಿಕ್ಕಿಸಿ, ಇದ್ದ ಜಾಗದಲ್ಲೇ ಇಟ್ಟು ಮನೆಗೆ ಹೋಗ್ತಾನೆ. ಮಾಲೀಕರಿಗೆ ಗೊತ್ತಾಗೋದು ಶಾರ್ಟ್ ಸರ್ಕ್ಯೂಟ್ ಆಗಿ ಹೊಗೆ ಬಂದ ದಿನ.

ಸಂಬಳದಲ್ಲಿ ಹಿಡಿಯಬಹುದಾ?

ನೇರ ಉತ್ತರ: ಸುಮ್ಮನೆ ಹಿಡಿಯೋಕೆ ಬರಲ್ಲ.

2019ರ ವೇತನ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಅದಕ್ಕೂ ಮೊದಲು 1936ರ ವೇತನ ಪಾವತಿ ಕಾಯ್ದೆ ಇತ್ತು. ಈ ವಿಷಯದಲ್ಲಿ ಎರಡೂ ಹೆಚ್ಚೂಕಮ್ಮಿ ಒಂದೇ ಮಾತು ಹೇಳುತ್ತವೆ. ಸಂಬಳದಲ್ಲಿ ಯಾವ್ಯಾವ ಕಾರಣಕ್ಕೆ ಹಣ ಹಿಡಿಯಬಹುದು ಅಂತ ಸಂಹಿತೆಯ 18ನೇ ಸೆಕ್ಷನ್ ಪಟ್ಟಿ ಕೊಡುತ್ತೆ. ಪಟ್ಟಿಯಲ್ಲಿ ಇಲ್ಲದ ಕಾರಣಕ್ಕೆ ಒಂದು ರೂಪಾಯಿ ಹಿಡಿದರೂ ಅದು ಕಾನೂನಿಗೆ ವಿರುದ್ಧ.

ಆ ಪಟ್ಟಿಯಲ್ಲಿ "ಹಾನಿ" ಅನ್ನೋದು ಇದೆ. ಆದರೆ ಅದಕ್ಕೆ ಎರಡು ಬೀಗ ಹಾಕಿದ್ದಾರೆ. ಒಂದು, ಹಾಳಾದ ವಸ್ತುವನ್ನು ಆ ಕೆಲಸಗಾರನ ವಶಕ್ಕೆ, "ಇದನ್ನ ನೋಡ್ಕೊಳ್ಳೋ ಜವಾಬ್ದಾರಿ ನಿಂದು" ಅಂತ ಸ್ಪಷ್ಟವಾಗಿ ಒಪ್ಪಿಸಿರಬೇಕು. ಎರಡು, ಹಾನಿ ಆತನ ನಿರ್ಲಕ್ಷ್ಯ ಅಥವಾ ತಪ್ಪಿನಿಂದಲೇ ನೇರವಾಗಿ ಆಗಿರಬೇಕು.

ಈಗ ಬಟ್ಟೆ ಅಂಗಡಿಗೆ ಬನ್ನಿ. ಗೋಡೆಗೆ ನೇತುಹಾಕಿದ ಸಿಲಿಂಡರ್ ಯಾರ ವಶದಲ್ಲಿತ್ತು? ಸೀರೆ ಇಳಿಸೋ ಹುಡುಗನಿಗೆ ಯಾರೂ ಅದನ್ನು ಒಪ್ಪಿಸಿರಲಿಲ್ಲ. ಅದು ಅಂಗಡಿಯ ಸಾಮಾನು, ನೋಡಿಕೊಳ್ಳೋ ಹೊಣೆ ಅಂಗಡಿಯದು. ಮೊದಲ ಬೀಗವೇ ತೆರೆಯಲ್ಲ. ಎರಡನೆಯದೂ ಅಷ್ಟೇ. ಅಟ್ಟದ ಕೆಳಗೆ, ಓಡಾಡೋ ದಾರಿಯಲ್ಲಿ, ಬ್ರಾಕೆಟ್ ಇಲ್ಲದೆ ಬರೀ ಮೊಳೆಗೆ ಸಿಲಿಂಡರ್ ನೇತುಹಾಕಿದ್ದು ಯಾರು? ಹರಿದ ಸೀಲ್ ಹಾಕಿಸದೆ ಬಿಟ್ಟಿದ್ದು ಯಾರು? ನಿರ್ಲಕ್ಷ್ಯ ಯಾರದು ಅಂತ ಹುಡುಕುತ್ತಾ ಹೋದರೆ ಬೆರಳು ಹುಡುಗನಿಗಿಂತ ಮೊದಲು ಗಲ್ಲಾಪೆಟ್ಟಿಗೆ ಕಡೆಗೇ ತಿರುಗುತ್ತೆ.

ಕೆಲಸಗಾರನದ್ದೇ ತಪ್ಪು ಅಂತ ಇಟ್ಟುಕೊಂಡರೂ ಮಾಲೀಕರು ದಾರಿ ಪ್ರಕಾರ ಹೋಗಬೇಕು. ಹಿಡಿಯುವ ಮೊದಲು "ಯಾಕೆ ಹಿಡಿಯಬಾರದು ಹೇಳು" ಅಂತ ಕೇಳಿ ಆತನ ಉತ್ತರಕ್ಕೆ ಅವಕಾಶ ಕೊಡಬೇಕು. ಆದ ನಷ್ಟಕ್ಕಿಂತ ಹೆಚ್ಚು ಹಿಡಿಯುವಂತಿಲ್ಲ. ರಿಜಿಸ್ಟರ್‌ನಲ್ಲಿ ಬರೆಯಬೇಕು. ಎಲ್ಲಾ ಕಡಿತ ಸೇರಿ ಆ ತಿಂಗಳ ಸಂಬಳದ ಅರ್ಧ ದಾಟಬಾರದು. "ನಷ್ಟ ಅಲ್ಲ, ದಂಡ ಹಾಕ್ತೀನಿ" ಅಂದರೆ ಅದಕ್ಕೂ ಮಿತಿ ಇದೆ: ಒಂದು ವೇತನ ಅವಧಿಯಲ್ಲಿ ಒಟ್ಟು ದಂಡ ಸಂಬಳದ ಶೇ 3 ಮೀರುವಂತಿಲ್ಲ. ಅದೂ ಯಾವ ತಪ್ಪಿಗೆ ದಂಡ ಅಂತ ಮೊದಲೇ ನೋಟಿಸ್ ಹಾಕಿದ್ದರೆ ಮಾತ್ರ. 12 ಸಾವಿರ ಸಂಬಳ ಅಂದುಕೊಂಡರೆ ಶೇ 3 ಅಂದರೆ 360 ರೂಪಾಯಿ.

ಇನ್ನೊಂದು ಲೆಕ್ಕ ಬಹಳ ಜನ ಮರೀತಾರೆ. ಪೌಡರ್ ಸಿಲಿಂಡರ್‌ಗೆ ಆಯಸ್ಸು ಅಂತ ಇದೆ. ಇವುಗಳ ನಿರ್ವಹಣೆಗೆ ಇರುವ ಭಾರತೀಯ ಮಾನಕ ಐಎಸ್ 2190 ಪ್ರಕಾರ ಅದು 10 ವರ್ಷ. ಹೊಸದಕ್ಕೆ 3,000 ರೂಪಾಯಿ ಅಂತ ಇಟ್ಟುಕೊಳ್ಳಿ, ಅದು 7 ವರ್ಷ ಹಳೆಯದು. ಉಳಿದ ಆಯಸ್ಸು 3 ವರ್ಷ, ಅಂದರೆ ಆಗಿರೋ ನಷ್ಟ 900 ರೂಪಾಯಿ ಅಷ್ಟೇ. ಹಳೇ ಸಿಲಿಂಡರ್ ಬೀಳಿಸಿದವನ ಹತ್ತಿರ ಹೊಸ ಸಿಲಿಂಡರ್ ದುಡ್ಡು ಕೇಳೋದು ನಷ್ಟ ತುಂಬಿಸಿಕೊಳ್ಳೋದಲ್ಲ, ಅದು ವ್ಯಾಪಾರ. ಬರೀ ರೀಫಿಲ್ ಸಾಕಾದರೆ ರೀಫಿಲ್ ಬಿಲ್ಲೇ ನಷ್ಟ. ಆ ರೀಫಿಲ್ ಹೇಗೂ ಮುಂದಿನ ತಿಂಗಳು ಮಾಡಿಸಲೇಬೇಕಿತ್ತು ಅಂದರೆ ನಷ್ಟ ಆಯ್ತು ಅಂತ ಹೇಳೋದೇ ಕಷ್ಟ.

10 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ, ಅಂದರೆ ರೈಸ್ ಮಿಲ್, ಗಾರ್ಮೆಂಟ್ಸ್, ದೊಡ್ಡ ಶೋರೂಂ ಇಂಥ ಕಡೆ, ಇನ್ನೂ ಒಂದು ಕಾನೂನು ಸೇರಿಕೊಳ್ಳುತ್ತೆ. ಅದು ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿ ಸಂಹಿತೆ 2020. ಸುರಕ್ಷತೆಗೆ ಅಂತ ಒದಗಿಸಿದ ಯಾವುದಕ್ಕೂ ಕೆಲಸಗಾರರಿಂದ ದುಡ್ಡು ವಸೂಲಿ ಮಾಡಬಾರದು ಅಂತ ಅದು ಹೇಳುತ್ತೆ. ಹೆಲ್ಮೆಟ್, ಗ್ಲೌಸ್, ಬೆಲ್ಟ್, ಸಿಲಿಂಡರ್ ಎಲ್ಲಾ ಮಾಲೀಕರ ಖರ್ಚು. ಅದೇ ಸಂಹಿತೆಯಲ್ಲಿ ಕೆಲಸಗಾರರಿಗೂ ಒಂದು ಕಟ್ಟುಪಾಡು ಇದೆ: ಸುರಕ್ಷತೆಗೆ ಇಟ್ಟಿರೋ ವಸ್ತುವನ್ನು ಬೇಕಂತಲೇ ಅಥವಾ ಲೆಕ್ಕವಿಲ್ಲದ ದುಡುಕಿನಿಂದ ಹಾಳು ಮಾಡಬಾರದು, ದುರುಪಯೋಗ ಮಾಡಬಾರದು. ಆಟಕ್ಕೆ ಸಿಲಿಂಡರ್ ಹೊಡೆದು ರೀಲ್ಸ್ ಮಾಡೋರು ಇದರಲ್ಲಿ ಸಿಕ್ಕಿಬೀಳ್ತಾರೆ. ಕೈತಪ್ಪಿ ಬೀಳಿಸಿದವರು ಅಲ್ಲ.

(ಅಂದಹಾಗೆ, ಅಂಗಡಿ "ಹುಡುಗ" ನಿಜಕ್ಕೂ 14 ತುಂಬದ ಹುಡುಗ ಆಗಿದ್ದರೆ ಸಿಲಿಂಡರ್ ವಿಷಯ ಎತ್ತದೆ ಇರೋದು ಮಾಲೀಕರಿಗೇ ಒಳ್ಳೇದು. ಕೆಲಸಕ್ಕೆ ಇಟ್ಟುಕೊಂಡಿದ್ದೇ ಅಪರಾಧ.)

ಹಿಡಿದುಬಿಟ್ಟಿದ್ದಾರೆ, ಏನು ಮಾಡೋದು ಅನ್ನುವವರು ಕಾರ್ಮಿಕ ನಿರೀಕ್ಷಕರ ಕಚೇರಿಗೆ ಹೋಗಬಹುದು. ಕ್ಲೇಮ್ ಹಾಕೋಕೆ 3 ವರ್ಷ ಸಮಯ ಇದೆ. ಸಂಬಳ ಕೊಟ್ಟ ಚೀಟಿ, ಫೋನ್‌ಪೇ ಎಂಟ್ರಿ, ವಾಟ್ಸ್‌ಆ್ಯಪ್‌ನಲ್ಲಿ ಮಾಲೀಕರು ಕಳಿಸಿದ ಮೆಸೇಜ್, ಇವನ್ನು ಅಳಿಸದೆ ಇಟ್ಟುಕೊಳ್ಳಿ.

ಗಿರಾಕಿ ಕೈಯಿಂದ, ಮಗು ಕೈಯಿಂದ

ಗಿರಾಕಿ ಬ್ಯಾಗ್ ತಾಗಿ ಸಿಲಿಂಡರ್ ಬಿತ್ತು. ಇಲ್ಲಿ ಸಂಬಳದ ಕಾನೂನು ಬರಲ್ಲ, ಸಾಮಾನ್ಯ ನಿರ್ಲಕ್ಷ್ಯದ ಪ್ರಶ್ನೆ. ಒಬ್ಬ ಸಾಧಾರಣ ಮನುಷ್ಯ ಎಷ್ಟು ಎಚ್ಚರದಿಂದ ಓಡಾಡ್ತಾನೋ ಅಷ್ಟು ಎಚ್ಚರ ಗಿರಾಕಿಗೆ ಇತ್ತಾ? ಇತ್ತು, ಆದರೂ ಬಿತ್ತು ಅಂದರೆ ಗಿರಾಕಿ ಕೊಡಬೇಕಾಗಿಲ್ಲ. ಫೋನ್ ನೋಡ್ಕೊಂಡು ಬಂದು ಗುದ್ದಿದರೆ ಕೊಡಬೇಕಾಗಬಹುದು. ಆಗಲೂ ಅಂಗಡಿಯವರ ತಪ್ಪು ಎಷ್ಟು ಅಂತ ನೋಡಿ ಮೊತ್ತ ಕಮ್ಮಿ ಆಗುತ್ತೆ.

"ಮುರಿದರೆ ನೀವೇ ಹಣ ಕೊಡಬೇಕು" ಅಂತ ಬೋರ್ಡ್ ಹಾಕಿರೋ ಅಂಗಡಿಗಳು ಇವೆ. ಬೋರ್ಡ್ ಹಾಕಿದ ಮಾತ್ರಕ್ಕೆ ಹೊಣೆ ಹುಟ್ಟಲ್ಲ. ಗಿರಾಕಿ ಓದಿ ಒಪ್ಪಿದ್ದಾರೆ ಅಂತ ತೋರಿಸೋದು ಕಷ್ಟ. ಅದು ಎಚ್ಚರಿಕೆಗೆ ಸರಿ, ವಸೂಲಿಗೆ ಅಲ್ಲ. ದುಡ್ಡು ಕೊಡೋ ತನಕ ಬಾಗಿಲು ಬಿಡಲ್ಲ ಅಂತ ಗಿರಾಕಿಯನ್ನು ತಡೆದು ನಿಲ್ಲಿಸೋದಂತೂ ಬೇಡವೇ ಬೇಡ. ಸಾವಿರ ರೂಪಾಯಿ ಸಿಲಿಂಡರ್‌ಗೆ ಹೋಗಿ ಅಕ್ರಮವಾಗಿ ತಡೆದ ಕೇಸ್ ಮೈಮೇಲೆ ಎಳೆದುಕೊಂಡ ಹಾಗೆ ಆಗುತ್ತೆ.

ಮಕ್ಕಳ ವಿಷಯ ಇನ್ನೂ ಸೂಕ್ಷ್ಮ. 7 ವರ್ಷದೊಳಗಿನ ಮಗು ಏನು ಮಾಡಿದರೂ ಅಪರಾಧ ಅಲ್ಲ ಅಂತ ಭಾರತೀಯ ನ್ಯಾಯ ಸಂಹಿತೆಯೇ ಹೇಳುತ್ತೆ. ಪರಿಹಾರದ ವಿಷಯಕ್ಕೆ ಬಂದರೆ, ಮಗು ಮಾಡಿದ್ದಕ್ಕೆಲ್ಲ ಅಪ್ಪ ಅಮ್ಮ ತನ್ನಿಂತಾನೇ ಹೊಣೆ ಆಗಲ್ಲ. ಮಗುವನ್ನು ನೋಡಿಕೊಳ್ಳುವುದರಲ್ಲಿ ಅವರದ್ದೇ ನಿರ್ಲಕ್ಷ್ಯ ಇದ್ದರೆ ಆಗ ಹೊಣೆ. ಹೇಳಿದರೂ ಕೇಳದೆ ಮಗುವನ್ನು ಅಂಗಡಿ ತುಂಬ ಓಡಾಡೋಕೆ ಬಿಟ್ಟರೆ ಒಂದು ಲೆಕ್ಕ. ಮಗುವಿನ ಕೈಗೆ ಸಿಗೋ ಎತ್ತರದಲ್ಲಿ, ಸೀಲ್ ಇಲ್ಲದ ಪಿನ್ ಜೊತೆ ನೆಲದ ಮೇಲೆ ಸಿಲಿಂಡರ್ ಇಟ್ಟಿದ್ದರೆ ಇನ್ನೊಂದು ಲೆಕ್ಕ. ಬಹುತೇಕ ಅಂಗಡಿಯವರು "ಹೋಗಲಿ ಬಿಡಿ ಅಮ್ಮಾ" ಅಂತ ಬಿಟ್ಟುಬಿಡ್ತಾರೆ. ಕಾನೂನು ಕಣ್ಣಲ್ಲೂ ಅದು ದಡ್ಡತನ ಏನಲ್ಲ.

ಪುಡಿ ಬಿದ್ದ ಕಂಪ್ಯೂಟರ್, ಬಿಲ್ಲಿಂಗ್ ಮೆಷಿನ್ ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಈ ಪುಡಿ ತೇವ ಸೇರಿದರೆ ಲೋಹ ತಿನ್ನುತ್ತೆ. ಮೊದಲು ಸ್ವಿಚ್ ಆಫ್, ಆಮೇಲೆ ಒಣ ಬ್ರಶ್ ಅಥವಾ ವ್ಯಾಕ್ಯೂಮ್. ಸಿಲಿಂಡರ್‌ಗಿಂತ ದೊಡ್ಡ ನಷ್ಟ ಆಗೋದು ಹೆಚ್ಚಾಗಿ ಈ ಒರೆಸೋದರಲ್ಲೇ.

ಎರವಲು ಕೊಟ್ಟಿದ್ದು

ಮದುವೆ ಶಾಮಿಯಾನಕ್ಕೆ, ಗಣಪತಿ ಪೆಂಡಾಲ್‌ಗೆ, ವೆಲ್ಡಿಂಗ್ ಕೆಲಸಕ್ಕೆ "ಒಂದಿನ ಸಿಲಿಂಡರ್ ಕೊಡಿ ಅಣ್ಣಾ" ಅಂತ ಒಯ್ಯೋದು ಇದೆ. ಇದಕ್ಕೆ 1872ರ ಭಾರತೀಯ ಕರಾರು ಕಾಯ್ದೆಯಲ್ಲಿ ಅಚ್ಚುಕಟ್ಟಾದ ಉತ್ತರ ಇದೆ. ಒಂದು ವಸ್ತುವನ್ನು ವಾಪಸ್ ಕೊಡಬೇಕು ಅನ್ನೋ ಮಾತಿನ ಮೇಲೆ ಒಯ್ದವನು, ತನ್ನ ಸ್ವಂತ ವಸ್ತುವನ್ನು ಸಾಧಾರಣ ವಿವೇಕ ಇರೋ ಮನುಷ್ಯ ಎಷ್ಟು ಜೋಪಾನ ಮಾಡ್ತಾನೋ ಅಷ್ಟು ಜೋಪಾನ ಮಾಡಬೇಕು. ಅಷ್ಟು ಮಾಡಿಯೂ ಹಾಳಾದರೆ, ಬೇರೆ ಮಾತಾಗಿರದಿದ್ದರೆ, ಆತ ಹೊಣೆ ಅಲ್ಲ. ಇದು 151 ಮತ್ತು 152ನೇ ಸೆಕ್ಷನ್.

ಆದರೆ ಯಾವ ಕೆಲಸಕ್ಕೆ ಅಂತ ಒಯ್ದಿದ್ದೋ ಅದು ಬಿಟ್ಟು ಬೇರೆ ಕೆಲಸಕ್ಕೆ ಬಳಸಿದರೆ ಕಥೆ ಬದಲಾಗುತ್ತೆ. ಪೆಂಡಾಲ್ ಬಟ್ಟೆ ಹಾರದಿರಲಿ ಅಂತ ಸಿಲಿಂಡರನ್ನೇ ಭಾರಕ್ಕೆ ಇಟ್ಟು, ಅದು ಉರುಳಿ ವಾಲ್ವ್ ಮುರಿದರೆ, ಒಯ್ದವರೇ ಕೊಡಬೇಕು. ಜೋಪಾನ ಮಾಡಿದ್ವಿ ಅನ್ನೋ ಮಾತು ಅಲ್ಲಿ ನಡೆಯಲ್ಲ, ಅದು 154ನೇ ಸೆಕ್ಷನ್. ಎರವಲು ಕೊಟ್ಟವರಿಗೂ ಒಂದು ಹೊಣೆ ಇದೆ. ಸಿಲಿಂಡರ್‌ನಲ್ಲಿ ದೋಷ ಇದೆ ಅಂತ ಗೊತ್ತಿದ್ದೂ ಹೇಳದೆ ಕೊಟ್ಟು, ಅದರಿಂದ ಒಯ್ದವರಿಗೆ ಏನಾದರೂ ಆದರೆ ಕೊಟ್ಟವರು ಉತ್ತರ ಕೊಡಬೇಕು.

ಇದಕ್ಕೆ ಅಂಟಿಕೊಂಡ ಇನ್ನೊಂದು ಪ್ರಶ್ನೆ. ಪಕ್ಕದ ಹೋಟೆಲ್‌ನಲ್ಲಿ ಬೆಂಕಿ ಕಾಣಿಸ್ತು, ಕಿರಾಣಿ ಅಂಗಡಿಯವರು ತಮ್ಮ ಸಿಲಿಂಡರ್ ಒಯ್ದು ಆರಿಸಿದರು. ರೀಫಿಲ್ ದುಡ್ಡು ಯಾರದು? ಕರಾರು ಕಾಯ್ದೆಯ 70ನೇ ಸೆಕ್ಷನ್ ಹೇಳೋದು ಹೀಗೆ: ಒಬ್ಬರು ಕಾನೂನು ಪ್ರಕಾರವೇ ಇನ್ನೊಬ್ಬರಿಗಾಗಿ ಏನಾದರೂ ಮಾಡಿದರೆ, ಪುಕ್ಕಟೆ ಮಾಡೋ ಉದ್ದೇಶ ಇರದಿದ್ದರೆ, ಇನ್ನೊಬ್ಬರು ಅದರ ಲಾಭ ಪಡೆದಿದ್ದರೆ, ಪರಿಹಾರ ಕೊಡಬೇಕು. ಅಷ್ಟಕ್ಕೂ ಬೆಂಕಿ ಹೊತ್ತಿದಾಗ "ಇದು ಪುಕ್ಕಟೆ ಅಲ್ಲ ಸ್ವಾಮಿ" ಅಂತ ಹೇಳಿ ಯಾರೂ ಸಿಲಿಂಡರ್ ತರಲ್ಲ. ಕೋರ್ಟಿಗೆ ಹೋದರೆ ವಾದ ಎರಡೂ ಕಡೆ ಇದೆ. ಪೇಟೆ ಮರ್ಯಾದೆ ಪ್ರಕಾರ ಹೋಟೆಲ್‌ನವರೇ ಮರುದಿನ ರೀಫಿಲ್ ಮಾಡಿಸಿ ತಂದು ಕೊಡಬೇಕು. ಅವರು ಹಾಗೆ ಮಾಡದೆ ಹೋದರೆ ಮುಂದಿನ ಸಲ ಬೆಂಕಿ ಬಿದ್ದಾಗ ಯಾರೂ ಓಡಿ ಬರಲ್ಲ. ಒಂದೇ ಸಾಲಿನಲ್ಲಿ ಹತ್ತು ಮಳಿಗೆ ಇರೋ ಕಡೆ ವರ್ತಕರ ಸಂಘದಲ್ಲಿ ಇದನ್ನು ಮೊದಲೇ ಮಾತಾಡಿ ಬರೆದಿಟ್ಟುಕೊಂಡರೆ ಸಲೀಸು.

ಬಾಡಿಗೆ ಮಳಿಗೆ

ಮೊದಲು ನೋಡಬೇಕಾದ್ದು ಬಾಡಿಗೆ ಕರಾರು. ಅದರಲ್ಲಿ ಬರೆದಿದ್ದೇ ಮೇಲು. ಬರೆದಿಲ್ಲ ಅಂದರೆ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ ಬರುತ್ತೆ. ಬಾಡಿಗೆದಾರ ಮಳಿಗೆಯನ್ನು ತಾನು ಪಡೆದ ಸ್ಥಿತಿಯಲ್ಲೇ ಇಟ್ಟುಕೊಂಡು ವಾಪಸ್ ಕೊಡಬೇಕು, ಸಹಜ ಸವೆತ ಮತ್ತು ತಡೆಯಲಾಗದ ಶಕ್ತಿಯಿಂದ ಆದ ಹಾನಿ ಬಿಟ್ಟು. ಮಳಿಗೆ ಜೊತೆ ಮಾಲೀಕರು ಸಿಲಿಂಡರ್, ಸ್ಮೋಕ್ ಅಲಾರಂ, ಮೇನ್ ಟ್ರಿಪ್ ಸ್ವಿಚ್ ಕೊಟ್ಟಿದ್ದರೆ ಅವಕ್ಕೂ ಇದೇ ಮಾತು. ಬಾಡಿಗೆದಾರನ ಕೈಯಿಂದ ಹಾಳಾದರೆ ಬಾಡಿಗೆದಾರ, ವಯಸ್ಸಾಗಿ ಹೋದರೆ ಕಟ್ಟಡದ ಮಾಲೀಕ. ಸಿಡಿಲಿಗೆ ಸುಟ್ಟುಹೋದರೆ ಅದನ್ನು ಬಾಡಿಗೆದಾರನ ತಲೆಗೆ ಕಟ್ಟೋ ಹಾಗಿಲ್ಲ. ಮೆಟ್ಟಿಲು, ಪ್ಯಾಸೇಜ್‌ನಂಥ ಎಲ್ಲರಿಗೂ ಸೇರಿದ ಜಾಗದಲ್ಲಿ ಕಟ್ಟಡದವರು ಇಟ್ಟಿರೋದು ಕಟ್ಟಡದವರದೇ.

ತಾಲ್ಲೂಕು ಕೇಂದ್ರಗಳಲ್ಲಿ ಕರಾರು ಅಂದರೆ ಹೆಚ್ಚಾಗಿ ಅಡ್ವಾನ್ಸ್ ಎಷ್ಟು, ಬಾಡಿಗೆ ಎಷ್ಟು, ವರ್ಷಕ್ಕೆ ಎಷ್ಟು ಏರಿಕೆ, ಮುಗೀತು. ಮಳಿಗೆ ಬಿಡುವಾಗ ಅಡ್ವಾನ್ಸ್‌ನಲ್ಲಿ "ಸಿಲಿಂಡರ್ ಹಾಳಾಗಿದೆ" ಅಂತ ಮುರಿದುಕೊಳ್ಳೋದು ಆಮೇಲಿನ ಜಗಳ. ಬೀಗದ ಕೈ ಪಡೆಯೋ ದಿನವೇ ಸಿಲಿಂಡರ್ ಮೀಟರ್ ಮುಳ್ಳು ಮತ್ತು ಅದರ ಮೇಲೆ ಒತ್ತಿರೋ ತಯಾರಿಕೆ ವರ್ಷ ಕಾಣೋ ಹಾಗೆ ಒಂದು ಫೋಟೋ ತೆಗೆದು ಮಾಲೀಕರಿಗೆ ಕಳಿಸಿಬಿಡಿ.

ಲಾರಿ ರಿವರ್ಸ್ ಬಂದು ಗುದ್ದಿದರೆ

ಸಾಮಾನು ಇಳಿಸೋ ಲಾರಿ ಹಿಂದಕ್ಕೆ ಬಂದು ಶಟರ್ ಜೊತೆ ಸಿಸಿ ಕ್ಯಾಮೆರಾ, ಸಿಲಿಂಡರ್ ಎಲ್ಲಾ ನುಚ್ಚು ಮಾಡಿದರೆ ದುಡ್ಡು ಬರಬೇಕಾದ್ದು ವಾಹನದ ಥರ್ಡ್ ಪಾರ್ಟಿ ವಿಮೆಯಿಂದ. ಬೇರೆಯವರ ಸ್ವತ್ತಿಗೆ ಆದ ಹಾನಿಗೆ ಸಾಮಾನ್ಯ ಪಾಲಿಸಿಯಲ್ಲಿ ಕಾರು, ಲಾರಿಯಂಥ ವಾಹನಕ್ಕೆ 7.5 ಲಕ್ಷ, ಬೈಕಿಗೆ 1 ಲಕ್ಷದ ತನಕ ರಕ್ಷಣೆ ಇರುತ್ತೆ. ಕೆಲವರು ಪ್ರೀಮಿಯಂ ಸ್ವಲ್ಪ ಉಳಿಯುತ್ತೆ ಅಂತ ಇದನ್ನು 6,000 ರೂಪಾಯಿಗೆ ಇಳಿಸಿರ್ತಾರೆ. ಆಗ ಉಳಿದದ್ದನ್ನು ವಾಹನದ ಮಾಲೀಕರೇ ಕೈಯಿಂದ ಹಾಕಬೇಕು. ಅಂಗಡಿಯವರು ಸ್ಥಳದಲ್ಲೇ ಗಾಡಿ ನಂಬರ್, ವಿಮೆ ಕಾಗದದ ಫೋಟೋ ತೆಗೆದು ಪೊಲೀಸರಿಗೆ ದೂರು ಕೊಡಬೇಕು. ಮೋಟಾರು ಅಪಘಾತ ಕ್ಲೇಮ್ ನ್ಯಾಯಮಂಡಳಿಗೆ ಅರ್ಜಿ ಹಾಕೋಕೆ 6 ತಿಂಗಳು ಅಂತ ಕಾಯ್ದೆಯಲ್ಲಿ ಇದೆ, ದಾಟಿಸಬೇಡಿ.

ರಸ್ತೆ ಬದಿಯ ತಡೆಗಂಬಿ, ಸಿಗ್ನಲ್ ಕಂಬಕ್ಕೆ ಗುದ್ದಿದರೂ ಅದು ಬೇರೆಯವರ ಸ್ವತ್ತೇ, ಇದೇ ವಿಮೆ ಬರುತ್ತೆ. 1984ರ ಸಾರ್ವಜನಿಕ ಆಸ್ತಿ ಹಾನಿ ತಡೆ ಕಾಯ್ದೆ ಅನ್ವಯ ಆಗೋದು ಬೇಕಂತ ಮಾಡಿದ ಹಾನಿಗೆ. ಬ್ರೇಕ್ ಫೇಲಾಗಿ ಗುದ್ದಿದ ಡ್ರೈವರ್ ಮೇಲೆ ಅದು ನಿಲ್ಲಲ್ಲ, ಅತಿವೇಗದ ಕೇಸ್ ಬೇರೆ ಬೀಳಬಹುದು ಅಷ್ಟೇ. ರೈಲ್ವೆ ಗೇಟ್ ಮಾತ್ರ ಬೇರೆ ಜಾತಿ. ಹಾಕಿದ ಗೇಟ್ ಮುರಿದರೆ 1989ರ ರೈಲ್ವೆ ಕಾಯ್ದೆಯ 160ನೇ ಸೆಕ್ಷನ್‌ನಲ್ಲಿ 5 ವರ್ಷದವರೆಗೆ ಜೈಲು ಇದೆ. ಅರ್ಧ ಇಳಿದ ಗೇಟ್ ಕೆಳಗೆ ಟ್ರ್ಯಾಕ್ಟರ್ ನುಗ್ಗಿಸುವವರು ಇದನ್ನು ಎರಡು ಸಲ ಓದಲಿ.

ಅಡುಗೆಮನೆಯ ರೆಗ್ಯುಲೇಟರ್

ಮನೆಗಳಲ್ಲಿ ಇದೇ ಪ್ರಶ್ನೆ ಗ್ಯಾಸ್ ರೆಗ್ಯುಲೇಟರ್ ರೂಪದಲ್ಲಿ ಬರುತ್ತೆ. ಸಿಲಿಂಡರ್, ರೆಗ್ಯುಲೇಟರ್ ಎರಡೂ ಗ್ರಾಹಕರ ಸ್ವಂತದ್ದಲ್ಲ, ಠೇವಣಿ ಪಡೆದು ಕಂಪನಿ ಕೊಟ್ಟಿರೋದು. ರೆಗ್ಯುಲೇಟರ್ ತಾನಾಗೇ ಕೆಟ್ಟರೆ, ಸೋರಿದರೆ ಏಜೆನ್ಸಿಯವರು ಬದಲಾಯಿಸಿ ಕೊಡಬೇಕು, ದುಡ್ಡು ಕೇಳೋ ಹಾಗಿಲ್ಲ. ಕೆಳಗೆ ಬಿದ್ದು ಒಡೆದರೆ, ಬೆಂಕಿಗೆ ಕರಗಿದರೆ, ಕಳೆದುಹೋದರೆ ನಿಗದಿ ದರ ಗ್ರಾಹಕರೇ ಕಟ್ಟಬೇಕು. ಕಿತ್ತಳೆ ಬಣ್ಣದ ಸುರಕ್ಷಾ ಹೋಸ್ ಮಾತ್ರ ಗ್ರಾಹಕರ ಸ್ವಂತದ್ದು, 5 ವರ್ಷಕ್ಕೊಮ್ಮೆ ಬದಲಿಸಬೇಕು.

ದುಡ್ಡು ಕೇಳ್ತಾರೆ ಅಂತ ಒಡೆದ ರೆಗ್ಯುಲೇಟರ್‌ಗೆ ಎಂ-ಸೀಲ್ ಮೆತ್ತಿ ಉಪಯೋಗಿಸೋದು ಪ್ರಾಣಕ್ಕೆ ಕುತ್ತು. ವಾಸನೆ ಬಂದರೆ 1906ಕ್ಕೆ ಫೋನ್ ಮಾಡಿ, ಅದು ಗ್ಯಾಸ್ ಸೋರಿಕೆಯ ತುರ್ತು ನಂಬರ್.

ಗ್ಯಾಸ್ ಅಪಘಾತಕ್ಕೆ ತೈಲ ಕಂಪನಿಗಳು ಮಾಡಿಸಿರೋ ವಿಮೆ ಇದೆ: ಸಾವಿಗೆ ತಲಾ 6 ಲಕ್ಷ, ಚಿಕಿತ್ಸೆಗೆ ಒಬ್ಬರಿಗೆ 2 ಲಕ್ಷದವರೆಗೆ, ಸ್ವತ್ತಿನ ಹಾನಿಗೆ 2 ಲಕ್ಷದವರೆಗೆ. ಸ್ವತ್ತಿನ ಹಾನಿ ಸಿಗೋದು ನೋಂದಾಯಿತ ವಿಳಾಸದಲ್ಲಿ ಆದ ಅಪಘಾತಕ್ಕೆ ಮಾತ್ರ. ಮನೆ ಸಿಲಿಂಡರ್ ತಂದು ಬಜ್ಜಿ ಗಾಡಿಯಲ್ಲಿ ಉರಿಸೋರು ಇದನ್ನು ಗಮನಿಸಬೇಕು.

ಅಂಗಡಿ ವಿಮೆ ಕೊಡುತ್ತಾ?

ಇಲ್ಲ ಅಂತಲೇ ಹೇಳಬೇಕು. 2021ರ ಏಪ್ರಿಲ್‌ನಿಂದ 5 ಕೋಟಿವರೆಗಿನ ಸ್ವತ್ತಿಗೆ ಎಲ್ಲಾ ಕಂಪನಿಗಳೂ ಮಾರುವ ಪಾಲಿಸಿ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ. ಅದರಲ್ಲಿ ಬೆಂಕಿ, ಸ್ಫೋಟ, ಸಿಡಿಲು, ಪ್ರವಾಹ, ಗಲಭೆ ಇವೆಲ್ಲ ಪಟ್ಟಿ ಮಾಡಿದ್ದಾರೆ. ಚಾವಣಿಯ ಸ್ಪ್ರಿಂಕ್ಲರ್ ತಾನಾಗೇ ಸೋರಿ ಮಾಲು ಒದ್ದೆಯಾದರೆ ಅದೂ ಪಟ್ಟಿಯಲ್ಲಿದೆ. ಕೈತಪ್ಪಿ ಬಿದ್ದ ಸಿಲಿಂಡರ್ ಇಲ್ಲ. ಆದರೆ ವಿಮೆಗೂ ಸಿಲಿಂಡರ್‌ಗೂ ಸಂಬಂಧ ಬರೋದು ಇನ್ನೊಂದು ದಿಕ್ಕಿನಿಂದ. ಸ್ವತ್ತಿನ ಬಗ್ಗೆ ತಕ್ಕ ಎಚ್ಚರ ವಹಿಸಬೇಕು ಅನ್ನೋ ಷರತ್ತು ಪಾಲಿಸಿಯಲ್ಲಿ ಇರುತ್ತೆ. ಬೆಂಕಿ ಬಿದ್ದ ಮೇಲೆ ಸರ್ವೇಯರ್ ಬಂದು ನೋಡಿದಾಗ ಸಿಲಿಂಡರ್ ಮೊದಲೇ ಖಾಲಿ ಇತ್ತು ಅಂತ ಗೊತ್ತಾದರೆ ಕ್ಲೇಮ್‌ನಲ್ಲಿ ತಕರಾರು ಶುರು. ಹುಡುಗನ ಸಂಬಳದಲ್ಲಿ ಸಾವಿರ ಉಳಿಸೋಕೆ ಹೋಗಿ ಲಕ್ಷದ ಕ್ಲೇಮ್ ಸಿಕ್ಕಿಹಾಕಿಕೊಳ್ಳೋದು ಇಂಥ ಕಡೆಯೇ.

ರೀಫಿಲ್ ಮಾಡಿದವರ ತಪ್ಪಾಗಿದ್ದರೆ

ಒಂದೊಂದು ಸಲ ತಪ್ಪು ಬೀಳಿಸಿದವನದ್ದೂ ಅಲ್ಲ, ಮಾಲೀಕರದ್ದೂ ಅಲ್ಲ. ಕಳೆದ ತಿಂಗಳು ರೀಫಿಲ್ ಮಾಡಿಕೊಟ್ಟವರು ಸೀಲ್ ಹಾಕಿರಲ್ಲ, ವಾಲ್ವ್ ಸರಿ ಕೂರಿಸಿರಲ್ಲ. ಸ್ಟಿಕ್ಕರ್ ಮಾತ್ರ ಹೊಸದು. ಬಿಲ್ ಇದ್ದರೆ ಅವರ ಹತ್ತಿರ ಪುಕ್ಕಟೆ ಮತ್ತೆ ತುಂಬಿಸಿಕೊಳ್ಳೋ ಹಕ್ಕು ಇದೆ. ಒಪ್ಪದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. 5 ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಫೀಸ್ ಇಲ್ಲ. ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗೆ ಅಂಗಡಿ ನಡೆಸುವವರು ಗ್ರಾಹಕರು ಅಂತಲೇ ಲೆಕ್ಕ, ದೊಡ್ಡ ವಾಣಿಜ್ಯ ಉದ್ದೇಶ ಅಂದರೆ ಆಯೋಗ ಒಪ್ಪದೇ ಇರಬಹುದು. ರೀಫಿಲ್‌ಗೆ ಬಿಲ್ ಇಲ್ಲದೆ ಕೈಯಲ್ಲಿ ದುಡ್ಡು ಕೊಟ್ಟಿದ್ದರೆ ಈ ದಾರಿ ಮರೆತುಬಿಡಿ.

ಅಂಗಡಿಯವರು ಇವತ್ತೇ ಮಾಡಬಹುದಾದ್ದು

ಬಟ್ಟೆ ಅಂಗಡಿಯ ಮಾಲೀಕರಿಗೆ ಇದರಲ್ಲಿ ಲಾಭದ ದಾರಿ ಯಾವುದು? ಕೆಲಸದವರನ್ನು ಕರೆದು ಒಂದು ಮಾತು ಹೇಳೋದು: "ಸಿಲಿಂಡರ್ ಬಿದ್ದರೆ, ಪುಡಿ ಹಾರಿದರೆ ತಕ್ಷಣ ನನಗೆ ಹೇಳಿ. ಹೇಳಿದವರ ಹತ್ತಿರ ದುಡ್ಡು ಕೇಳಲ್ಲ. ಮುಚ್ಚಿಟ್ಟರೆ ಮಾತ್ರ ಸುಮ್ಮನಿರಲ್ಲ." ವರ್ಷಕ್ಕೆ ಒಂದು ರೀಫಿಲ್ ಜಾಸ್ತಿ ಆಗಬಹುದು. ಒಂದು ದೀಪಾವಳಿ ಸ್ಟಾಕ್ ಮುಂದೆ ಅದು ಯಾವ ಲೆಕ್ಕ?

ಉಳಿದದ್ದು ಮೊಳೆ ಸುತ್ತಿಗೆ ಕೆಲಸ. ಮೊಳೆ ತೆಗೆದು ಸರಿಯಾದ ಬ್ರಾಕೆಟ್ ಹಾಕಿಸಿ. ಅಟ್ಟದ ಏಣಿ ಕೆಳಗೆ, ಬಾಗಿಲ ಹಿಂದೆ ಇಡಬೇಡಿ. ತಿಂಗಳಿಗೊಮ್ಮೆ ಮುಳ್ಳು ಹಸಿರಿನಲ್ಲಿದೆಯಾ, ಸೀಲ್ ಇದೆಯಾ ನೋಡಿ ಪಕ್ಕದ ಕ್ಯಾಲೆಂಡರ್‌ನಲ್ಲೇ ಟಿಕ್ ಹಾಕಿ. ರೀಫಿಲ್‌ಗೆ ಕೊಟ್ಟಾಗ ಬದಲಿ ಸಿಲಿಂಡರ್ ಕೇಳಿ ಪಡೆಯಿರಿ, ನಾಲ್ಕು ದಿನ ಗೋಡೆ ಖಾಲಿ ಬಿಡಬೇಡಿ. ಬೆಂಕಿ ಬಿದ್ದರೆ 112 ಅಥವಾ 101.

ಮಾತಲ್ಲಿ ಬಗೆಹರಿಯದ ಜಗಳ ಇದ್ದರೆ ವಕೀಲರ ಫೀಸ್ ಸಿಲಿಂಡರ್ ಬೆಲೆ ದಾಟುತ್ತೆ. ಅದಕ್ಕೆ ತಾಲ್ಲೂಕು ನ್ಯಾಯಾಲಯದ ಆವರಣದಲ್ಲೇ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ, ಕೇಸ್ ಹಾಕುವ ಮೊದಲೇ ಅರ್ಜಿ ಕೊಟ್ಟು ಲೋಕ ಅದಾಲತ್‌ನಲ್ಲಿ ಕೂತು ಮಾತಾಡಬಹುದು. ಕೋರ್ಟ್ ಫೀಸ್ ಇಲ್ಲ. ಸಹಾಯವಾಣಿ ನಂಬರ್ 15100. ಅಲ್ಲಿ ಆದ ರಾಜಿಗೆ ಕೋರ್ಟ್ ಡಿಕ್ರಿಯಷ್ಟೇ ಬೆಲೆ, ಅದರ ಮೇಲೆ ಅಪೀಲು ಇಲ್ಲ. ಹಾಗಾಗಿ ಸಹಿ ಹಾಕುವ ಮೊದಲು ಬರೆದಿರೋ ಮೊತ್ತ, ಕೊಡಬೇಕಾದ ತಾರೀಖು ಎರಡನ್ನೂ ಸರಿಯಾಗಿ ಓದಿಕೊಳ್ಳಿ.